ಲಿನಕ್ಸನ್ನು ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಸಾಗಿಸುವುದು, ಬೂಟ್ ಆಗದಿದ್ದರೆ ಸರಿಪಡಿಸುವುದು

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವನವರ ಮನೆಯ ಕಂಪ್ಯೂಟರಿನಲ್ಲಿ ಹಲವು ವರ್ಷಗಳ ಅಡಿಕೆ ಲೆಕ್ಕ, ತೋಟದ ಕೆಲಸದವರ ಹಾಜರಿ, ಕೊಳೆ ಔಷಧಿ ಹೊಡೆಸಿದ ದಿನಗಳ ಟಿಪ್ಪಣಿ, ಮನೆಯ ಮದುವೆ ಮುಂಜಿಗಳ ಫೋಟೊಗಳು ಎಲ್ಲವೂ 500 ಜಿಬಿಯ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತಾರು ಸಲ ಹೋಗಿ ಬರುವ ಆ ಊರಿನಲ್ಲಿ, ತಿರುಗುವ ಡಿಸ್ಕು ಅಷ್ಟು ವರ್ಷ ಬಾಳಿದ್ದೇ ಹೆಚ್ಚು. ಕಳೆದ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ಅದು ಟಕಟಕ ಸದ್ದು ಮಾಡತೊಡಗಿದಾಗ 256 ಜಿಬಿಯ ಎಸ್‌ಎಸ್‌ಡಿ ಒಂದನ್ನು ಕೊಂಡುಹೋಗಿ, ಅದರಲ್ಲಿದ್ದ ಡೆಬಿಯನ್ ಲಿನಕ್ಸನ್ನು ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಸಾಗಿಸಿದೆ. ಕಡತಗಳ ನಕಲು ಒಂದೂವರೆ ಗಂಟೆಯಲ್ಲಿ ಮುಗಿಯಿತು. ನಾನು ಕೊನೆಯ ಬಸ್ಸಿಗೆ ಶಿವಮೊಗ್ಗಕ್ಕೆ ಮರಳಬೇಕಾಗಿದ್ದರಿಂದ ಉಳಿದ ಕೆಲಸವನ್ನು ಮಾವನ ಮಗ ಫೋನಿನಲ್ಲಿ ನಾನು ಹೇಳಿದಂತೆ ಮಾಡಿದ, ಮತ್ತು ಯಂತ್ರ ಸರಿಯಾಗಿ ಬೂಟ್ ಆಗಲು ಇನ್ನೂ ಎರಡು ದಿನ ಹಿಡಿಯಿತು. ಆ ಎರಡು ದಿನಗಳನ್ನು ಬೇರೆಯವರಿಗೆ ಉಳಿಸಿಕೊಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಆದೇಶಗಳನ್ನೂ ಅಂದು ಫೋನಿನಲ್ಲಿ ಹೇಳಿ ಬರೆಸಿದ ಕ್ರಮದಲ್ಲೇ, ಹೆಸರು ಹಿಡಿದು ವಿವರಿಸಿದ್ದೇನೆ. ಅವೆಲ್ಲವನ್ನೂ ಮೂಲ ಬಳಕೆದಾರನ, ಅಂದರೆ ರೂಟ್‌ನ, ಅಧಿಕಾರದಲ್ಲಿ ನಡೆಸಬೇಕು.

ಲಿನಕ್ಸನ್ನು ಸಾಗಿಸುವುದೆಂದರೆ ಅದರ ಕಡತಗಳನ್ನು ಸಾಗಿಸುವುದು ಅರ್ಧ ಕೆಲಸ ಮಾತ್ರ. ವ್ಯವಸ್ಥೆಯು ತಾನಿರುವ ಡಿಸ್ಕಿನ ಗುರುತನ್ನು ಐದು ಬೇರೆ ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ, ಮತ್ತು ಸಾಗಾಣಿಕೆಯ ನಂತರ ಕಾಣುವ ಬೂಟ್ ತೊಂದರೆಗಳಲ್ಲಿ ಹೆಚ್ಚಿನವು ಆ ಐದರಲ್ಲಿ ಯಾವುದೋ ಒಂದು ಕಡೆ ಹಳೆಯ ಗುರುತು ಉಳಿದುಬಿಟ್ಟದ್ದರಿಂದ ಹುಟ್ಟುತ್ತವೆ. ಮೊದಲನೆಯದು ಮದರ್‌ಬೋರ್ಡಿನ ಸ್ಮೃತಿ: ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ, ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶ) ಯಂತ್ರಗಳಲ್ಲಿ ಡಿಸ್ಕಿನ ಯಾವ ಪಾರ್ಟಿಷನ್ನಿನ, ಅಂದರೆ ವಿಭಾಗದ, ಯಾವ ಕಡತದಿಂದ ಬೂಟ್ ಆಗಬೇಕು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಎರಡನೆಯದು ಇಎಫ್‌ಐ ಪಾರ್ಟಿಷನ್ನಿನೊಳಗಿರುವ, ಮೂರ್ನಾಲ್ಕು ಸಾಲಿನ ಪುಟ್ಟ ಗ್ರಬ್ ಸಂರಚನಾ ಕಡತ. ಗ್ರಬ್ ಎಂದರೆ ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್. ಮೂರನೆಯದು ಬೂಟ್ ಫೋಲ್ಡರಿನ ಒಳಗಿನ ದೊಡ್ಡ ಗ್ರಬ್ ಸಂರಚನಾ ಕಡತ. ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಅದರ ಮೂಲ ಪಾರ್ಟಿಷನ್ ಯಾವುದೆಂದು ಹೇಳುವುದು ಇದೇ. ನಾಲ್ಕನೆಯದು ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ, ಡಿಸ್ಕನ್ನು ತೆರೆಯಲು ಬೇಕಾದ ಚಾಲಕಗಳಿರುವ ಆರಂಭಿಕ ಕಟ್ಟು, ಅದರಲ್ಲೂ ಮುಖ್ಯವಾಗಿ ಹೈಬರ್ನೇಟ್‌ನಿಂದ ಮರಳಲು ಬೇಕಾದ ಸ್ವಾಪ್ ಪಾರ್ಟಿಷನ್ನಿನ ಗುರುತು. ಐದನೆಯದು ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಕಡತ, ಅಂದರೆ ಯಾವ ಪಾರ್ಟಿಷನ್ ಯಾವ ಫೋಲ್ಡರಿಗೆ ಜೋಡಣೆಯಾಗಬೇಕೆಂಬ ಪಟ್ಟಿ. ಯಂತ್ರ ಬೂಟ್ ಆಗುವಾಗ ಈ ಐದನ್ನೂ ಇದೇ ಕ್ರಮದಲ್ಲಿ ಓದುತ್ತದೆ. ಹಾಗಾಗಿ ಅದು ಎಲ್ಲಿ ನಿಂತಿತೆಂದು ನೋಡಿದರೆ ತಪ್ಪು ಎಲ್ಲಿದೆಯೆಂಬುದೂ ತಿಳಿಯುತ್ತದೆ.

ನಕಲಿಗೆ ಮೊದಲು

ಡಿಸ್ಕಿನ ಆರೋಗ್ಯವನ್ನು ನೋಡದೆ ನಕಲು ಆರಂಭಿಸಬಾರದು. ಸ್ಮಾರ್ಟ್‌ಸಿಟಿಎಲ್ ಎಂಬ ಆದೇಶವು ಡಿಸ್ಕು ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ 5, 197, 198 ಮತ್ತು 199ನೆಯ ಸಾಲುಗಳನ್ನು ನೋಡಿದರೆ ಸಾಕು. 5ನೆಯ ಸಾಲು ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ ಲೆಕ್ಕ. 197 ಓದಲು ಸಿಗದೆ ಇನ್ನೂ ತೀರ್ಮಾನವಾಗದಿರುವ ಸೆಕ್ಟರುಗಳ ಲೆಕ್ಕ. 198 ಪರೀಕ್ಷೆಯಲ್ಲಿ ಸರಿಪಡಿಸಲಾಗದವು ಎಂದು ಕಂಡುಬಂದವುಗಳ ಲೆಕ್ಕ. 199 ಮಾತ್ರ ಬೇರೆ ಬಗೆಯದು. ಅದು ಏರುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕು ಚೆನ್ನಾಗಿದ್ದು ಕೇಬಲ್ ಅಥವಾ ಅದರ ಕೊಂಡಿ ಸರಿಯಿಲ್ಲವೆಂದು ಅರ್ಥ. ಗೋಡೆಗಳೇ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ, ಡಿಸ್ಕು ಸತ್ತಿತೆಂದು ತೀರ್ಮಾನಿಸುವ ಮುನ್ನ ಹೊಸ ಸಾಟಾ ಕೇಬಲ್ ಹಾಕಿ ನೋಡುವುದು ಒಳ್ಳೆಯದು.

197ನೆಯ ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆ ಇದ್ದರೆ ಸಾಮಾನ್ಯ ನಕಲಿನ ದಾರಿಯನ್ನು ಬಿಡಬೇಕು. ಸಾಮಾನ್ಯ ಆದೇಶಗಳು ಕೆಟ್ಟ ಸೆಕ್ಟರಿನ ಮೇಲೆ ಪದೇ ಪದೇ ಪ್ರಯತ್ನಿಸುತ್ತಾ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ಬೇಗ ಸಾಯಿಸುತ್ತವೆ. ಇಂಥ ಹೊತ್ತಿಗೆಂದೇ ಡಿಡಿರೆಸ್ಕ್ಯೂ ಎಂಬ ಸಾಧನವಿದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಮ್ಯಾಪ್ ಕಡತ ಎಂಬ ಒಂದು ದಾಖಲೆಯನ್ನು ಅದಕ್ಕೆ ಕೊಟ್ಟಿದ್ದರೆ, ನಡುವೆ ಕರೆಂಟು ಹೋದರೂ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಮ್ಯಾಪ್ ಕಡತವನ್ನು ಮೂರನೆಯ ಯಾವುದಾದರೂ ಡಿಸ್ಕಿನಲ್ಲಿಡಬೇಕು. ಲೈವ್ ಪೆನ್ ಡ್ರೈವಿನ (ಡಿಸ್ಕಿನ ಬದಲು ಪೆನ್ ಡ್ರೈವಿನಿಂದಲೇ ಓಡುವ ಲಿನಕ್ಸಿನ) ವ್ಯವಸ್ಥೆಯಲ್ಲಿ ಇಟ್ಟರೆ ಅದು ರ್ಯಾಮ್‌ನಲ್ಲಿ ಮಾತ್ರ ಇದ್ದು, ಯಂತ್ರ ಆರಿದೊಡನೆ ಮಾಯವಾಗುತ್ತದೆ. ಹೀಗೆ ಉಳಿಸಿದ ನಕಲು ಹಳೆಯ ಡಿಸ್ಕಿನ ಗಾತ್ರದ್ದೇ ಆಗಿರುವುದರಿಂದ ಅದಕ್ಕೆ ಅಷ್ಟು ಜಾಗ ಬೇಕು.

ಕರೆಂಟಿನ ವಿಚಾರದಲ್ಲಿ ನನ್ನ ನಿಯಮ ಸರಳ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಬೇಕು, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಬೇಕು, ಮತ್ತು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಬರುವ ಹೊತ್ತಿಗೆ ಈ ಕೆಲಸಕ್ಕೆ ಕೈಹಾಕಬಾರದು, ಬೆಳಗ್ಗೆ ಕೂರಬೇಕು. ನೆಟ್‌ವರ್ಕ್ ಸರಿಯಾಗಿ ಸಿಗದ ಊರಿಗೆ ಹೋಗುವುದಾದರೆ ಲೈವ್ ಐಎಸ್‌ಒ ಕಡತವನ್ನು ಪೇಟೆಯಲ್ಲಿರುವಾಗಲೇ ಇಳಿಸಿಕೊಂಡು ಪೆನ್ ಡ್ರೈವಿಗೆ ಬರೆದು, ಒಮ್ಮೆ ಬೂಟ್ ಮಾಡಿ ನೋಡಿಕೊಂಡು ಹೊರಡಬೇಕು. ಹಳೆಯ ಯಂತ್ರ ಬಯಾಸ್ ಕ್ರಮದಲ್ಲಿದ್ದು ಹೊಸದರಲ್ಲಿ ಯುಇಎಫ್‌ಐಗೆ ಬದಲಾಯಿಸುವ ಯೋಚನೆಯಿದ್ದರೆ, ಗ್ರಬ್‌ನ ಇಎಫ್‌ಐ ಪ್ಯಾಕೇಜುಗಳನ್ನು ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ ಇಳಿಸಿಟ್ಟುಕೊಳ್ಳಬೇಕು.

ಯಾವ ದಾರಿ ಹಿಡಿಯಬೇಕು

ಸಾಗಿಸಲು ಎರಡು ದಾರಿಗಳಿವೆ. ಡಿಡಿ ಅಥವಾ ಕ್ಲೋನ್‌ಜಿಲ್ಲಾ ಬಳಸಿ ಡಿಸ್ಕಿನ ಪ್ರತಿರೂಪವನ್ನೇ ತೆಗೆಯುವುದು ಒಂದು. ಹೊಸ ಡಿಸ್ಕಿನಲ್ಲಿ ಹೊಸದಾಗಿ ಪಾರ್ಟಿಷನ್ ಮಾಡಿ ಆರ್‌ಸಿಂಕ್ ಮೂಲಕ ಕಡತಗಳನ್ನು ಮಾತ್ರ ನಕಲಿಸುವುದು ಇನ್ನೊಂದು. ಪ್ರತಿರೂಪದಲ್ಲಿ ಪಾರ್ಟಿಷನ್ನುಗಳ ಗುರುತುಗಳೂ ಹಾಗೆಯೇ ಬರುವುದರಿಂದ ಮೇಲಿನ ಐದು ಕಡೆಗಳಲ್ಲಿ ಏನನ್ನೂ ತಿದ್ದಬೇಕಿಲ್ಲ ಎಂಬ ಆಕರ್ಷಣೆ ಇದೆ. ಆದರೆ ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಡಿಡಿಯ ದಾರಿ ನಡೆಯುವುದಿಲ್ಲ. ದೊಡ್ಡದಾಗಿದ್ದರೆ ಜಿಪಿಟಿ ಪಾರ್ಟಿಷನ್ ಪಟ್ಟಿಯ ಮೀಸಲು ಪ್ರತಿ ಡಿಸ್ಕಿನ ಕೊನೆಯಲ್ಲಿರುವ ಬದಲು ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಎಸ್‌ಜಿಡಿಸ್ಕ್ ಆದೇಶಕ್ಕೆ ಸಣ್ಣ ಇ ಆಯ್ಕೆ ಕೊಟ್ಟು ಕೊನೆಗೆ ಸರಿಸಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಒಂದೇ ಗುರುತಿನ ಎರಡು ಪಾರ್ಟಿಷನ್ನುಗಳು ಒಂದೇ ಯಂತ್ರದಲ್ಲಿ ಇರುವುದು.

ಈ ಅಪಾಯವನ್ನು ನಾನು ಸ್ವತಃ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನದೇ ಯಂತ್ರವನ್ನು ಡಿಡಿ ಮೂಲಕ ಪ್ರತಿರೂಪ ಮಾಡಿ, ಎರಡೂ ಡಿಸ್ಕುಗಳನ್ನು ಒಳಗೇ ಬಿಟ್ಟು ಬೂಟ್ ಮಾಡಿದೆ. ಗ್ರಬ್ ಹೊಸ ಡಿಸ್ಕಿನಿಂದ ಓದಿತು, ಕರ್ನಲ್ಲು ಅದೇ ಗುರುತನ್ನು ಹುಡುಕುತ್ತಾ ಹಳೆಯ ಡಿಸ್ಕನ್ನು ಮೂಲವಾಗಿ ಹಿಡಿಯಿತು. ಹತ್ತು ದಿನ ನಾನು ಬರೆದುದೆಲ್ಲ ಹಳೆಯ ಡಿಸ್ಕಿಗೇ ಹೋಗುತ್ತಿತ್ತು. ಅದನ್ನು ಅಳಿಸಲು ಹೊರಟಾಗ, ಡಿಸ್ಕು ಬಳಕೆಯಲ್ಲಿದೆ ಎಂಬ ಎಚ್ಚರಿಕೆ ಬಂದದ್ದರಿಂದ ಆ ಹತ್ತು ದಿನಗಳ ಕೆಲಸ ಉಳಿಯಿತು. ಅಂದಿನಿಂದ ಡಿಸ್ಕು ಕೆಟ್ಟಿದ್ದಾಗ ಬಿಟ್ಟರೆ ಉಳಿದೆಲ್ಲ ಸಂದರ್ಭಗಳಲ್ಲಿ ಕಡತಗಳ ನಕಲನ್ನೇ ನೆಚ್ಚುತ್ತೇನೆ. ಗುರುತುಗಳನ್ನು ತಿದ್ದುವ ಅರ್ಧ ಗಂಟೆ ಹೆಚ್ಚಿಗೆ ಹಿಡಿದರೂ, ತಿದ್ದಿದ ಮೇಲೆ ಯಾವ ಡಿಸ್ಕು ಯಾವುದು ಎಂಬ ಸಂಶಯ ಉಳಿಯುವುದಿಲ್ಲ. ಪ್ರತಿರೂಪವೇ ಬೇಕಾದವರು ಯಂತ್ರವನ್ನು ಆರಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಹೊರಗಿಟ್ಟು, ಆಮೇಲೆಯೇ ಮೊದಲ ಬೂಟ್ ಮಾಡಬೇಕು.

ಪಾರ್ಟಿಷನ್ ಮತ್ತು ನಕಲು

ಲೈವ್ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದ ಮೇಲೆ, ಸಿಸ್ ಫೋಲ್ಡರಿನ ಫರ್ಮ್‌ವೇರ್ ಎಂಬಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಯಂತ್ರ ಯುಇಎಫ್‌ಐ ಕ್ರಮದಲ್ಲಿ ಎದ್ದಿದೆ, ಇಲ್ಲದಿದ್ದರೆ ಬಯಾಸ್ ಕ್ರಮದಲ್ಲಿ. ಅನೇಕ ಯಂತ್ರಗಳ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಿಸುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂದು ಬರೆದಿರುತ್ತದೆ. ಅಲ್ಲಿ ತಪ್ಪಾಗಿ ಆರಿಸಿದರೆ ಮುಂದೆ ಗ್ರಬ್ ಹಾಕುವಾಗ ಮದರ್‌ಬೋರ್ಡಿನಲ್ಲಿ ದಾಖಲೆ ಬರೆಯಲು ಆಗುವುದೇ ಇಲ್ಲ.

ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಸಣ್ಣ ಎಫ್ ಆಯ್ಕೆ ಕೊಟ್ಟರೆ ಎಲ್ಲ ಡಿಸ್ಕುಗಳು, ಅವುಗಳ ಪಾರ್ಟಿಷನ್ನುಗಳು ಮತ್ತು ಯುಯುಐಡಿ ಎಂಬ ಗುರುತುಗಳು ಕಾಣಿಸುತ್ತವೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಿ ಕೂರಬಾರದು; ಅವು ಪ್ರತಿ ಬೂಟ್‌ನಲ್ಲೂ ಅದಲು ಬದಲಾಗಬಹುದು. ಗಾತ್ರವನ್ನೂ ಕಂಪನಿಯ ಮಾದರಿ ಸಂಖ್ಯೆಯನ್ನೂ ನೋಡಿ, ಯಾವುದು ಹಳೆಯದು ಯಾವುದು ಹೊಸದು ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹೊಸ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ನಕಲು ಮಾಡುತ್ತಿದ್ದರೆ ಅದರ ಸೆಕ್ಟರ್ ಗಾತ್ರವನ್ನೂ ಇದೇ ಆದೇಶಕ್ಕೆ ಸಣ್ಣ ಟಿ ಆಯ್ಕೆ ಕೊಟ್ಟು ನೋಡಿಕೊಳ್ಳುವುದು ಮುಖ್ಯ. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತವೆ, ಮತ್ತು ಹಾಗೆ ಮಾಡಿದ ಪಾರ್ಟಿಷನ್ನುಗಳು ಡಿಸ್ಕನ್ನು ಯಂತ್ರದೊಳಗೆ ನೇರವಾಗಿ ಜೋಡಿಸಿದಾಗ ಕಾಣಿಸುವುದೇ ಇಲ್ಲ. ಸಾಧ್ಯವಿದ್ದರೆ ಹೊಸ ಡಿಸ್ಕನ್ನು ಒಳಗೆ ಹಾಕಿ ಹಳೆಯದನ್ನು ಪೆಟ್ಟಿಗೆಯಲ್ಲಿಡುವುದೇ ವಾಸಿ. ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಯುಎಸ್‌ಬಿ 2ರ ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಮಾತ್ರ ಹರಿಯುವುದರಿಂದ 100 ಜಿಬಿಗೆ 50 ನಿಮಿಷದಷ್ಟು ಹಿಡಿಯುತ್ತದೆ. ಸಣ್ಣ ಕಡತಗಳು ಬಹಳವಿದ್ದರೆ ಇನ್ನೂ ಹೆಚ್ಚು.

ಹೊಸ ಡಿಸ್ಕಿನಲ್ಲಿ ಜಿಪಾರ್ಟೆಡ್ ಬಳಸಿ ಜಿಪಿಟಿ ಪಟ್ಟಿಯನ್ನು ರಚಿಸಿ, ಮೊದಲಿಗೆ 512 ಎಂಬಿಯ ಒಂದು ಪಾರ್ಟಿಷನ್ ಮಾಡಿ ಅದಕ್ಕೆ ಫ್ಯಾಟ್32 ಹಾಕಿ ಇಎಸ್‌ಪಿ ಎಂಬ ಧ್ವಜವನ್ನು ಹಚ್ಚಬೇಕು. ಉಳಿದದ್ದನ್ನು ಎಕ್ಸ್ಟ್4 ಮಾಡಬಹುದು. ಹಳೆಯದರಲ್ಲಿ ಹೋಮ್ ಬೇರೆಯಾಗಿದ್ದರೆ ಇಲ್ಲೂ ಬೇರೆ ಮಾಡಬಹುದು. ಹಳೆಯ ಬಯಾಸ್ ಯಂತ್ರವಾದರೆ ಇಎಫ್‌ಐ ಪಾರ್ಟಿಷನ್ನಿನ ಬದಲು 1 ಎಂಬಿಯ ಖಾಲಿ ಪಾರ್ಟಿಷನ್ ಮಾಡಿ ಬಯಾಸ್ ಗ್ರಬ್ ಎಂಬ ಧ್ವಜ ಹಚ್ಚಬೇಕು. ಜಿಪಿಟಿಯಲ್ಲಿ ಗ್ರಬ್ ತನ್ನ ಎರಡನೆಯ ಹಂತವನ್ನು ಇಡಲು ಬೇರೆ ಜಾಗವಿರುವುದಿಲ್ಲ.

ಇಲ್ಲಿ ಸುಲಭವಾಗಿ ಕಣ್ಣು ತಪ್ಪಿಸುವ ಒಂದು ಸಂಗತಿಯಿದೆ. ಲೈವ್ ವ್ಯವಸ್ಥೆ ತೀರಾ ಹೊಸದಾಗಿದ್ದು, ಸಾಗಿಸುತ್ತಿರುವ ಲಿನಕ್ಸ್ ಹಳೆಯದಾಗಿದ್ದರೆ, ಲೈವ್‌ನಲ್ಲಿ ರಚಿಸಿದ ಎಕ್ಸ್ಟ್4ರಲ್ಲಿ ಹಳೆಯ ಗ್ರಬ್‌ಗೆ ಅರ್ಥವಾಗದ ಹೊಸ ಗುಣಗಳು ಸೇರಿಕೊಳ್ಳಬಹುದು. ಇ2ಎಫ್‌ಎಸ್‌ಪ್ರೋಗ್ಸ್‌ನ 1.47ನೆಯ ಆವೃತ್ತಿಯಿಂದ ಮೆಟಾಡೇಟಾ ಚೆಕ್‌ಸಮ್ ಸೀಡ್ ಎಂಬ ಗುಣ ತಾನಾಗಿಯೇ ಸೇರುವಂತೆ ಮೂಲ ಲೇಖಕರು ಮಾಡಿದ್ದಾರೆ, ಮತ್ತು ಗ್ರಬ್‌ನ 2.06 ಅದನ್ನು ಕಂಡರೆ ಅಪರಿಚಿತ ಫೈಲ್ ಸಿಸ್ಟಮ್ ಎಂದು ಹೇಳಿ ನಿಲ್ಲುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದವರೂ ಇದರಿಂದ ಇಡೀ ದಿನ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಸಾಗಿಸುವ ಲಿನಕ್ಸ್ ಯಾವ ಆವೃತ್ತಿಯದೋ ಅದೇ ಆವೃತ್ತಿಯ ಲೈವ್ ಪೆನ್ ಡ್ರೈವ್ ಬಳಸಿದರೆ ಈ ಪ್ರಶ್ನೆ ಏಳುವುದಿಲ್ಲ. ಆಗಲೇ ಆಗಿಹೋಗಿದ್ದರೆ ಟ್ಯೂನ್2ಎಫ್‌ಎಸ್ ಆದೇಶದ ದೊಡ್ಡ ಒ ಆಯ್ಕೆಯಿಂದ ಆ ಗುಣವನ್ನು ತೆಗೆದುಹಾಕಬಹುದು.

ನಕಲಿಗೆ ಎಂಎನ್‌ಟಿ ಫೋಲ್ಡರಿನಲ್ಲಿ ಹಳೆ, ಹೊಸ ಎಂಬ ಅರ್ಥದ ಎರಡು ಫೋಲ್ಡರುಗಳನ್ನು ಮಾಡಿ, ಹಳೆಯ ಮೂಲ ಪಾರ್ಟಿಷನ್ನನ್ನು ಓದಲು ಮಾತ್ರ ಬರುವಂತೆ ಮೊದಲನೆಯದಕ್ಕೆ ಜೋಡಿಸಿ, ಹೊಸದನ್ನು ಎರಡನೆಯದಕ್ಕೆ ಜೋಡಿಸಬೇಕು. ಆಮೇಲೆ ಆರ್‌ಸಿಂಕ್‌ಗೆ ಸಣ್ಣ ಎ, ದೊಡ್ಡ ಎ, ದೊಡ್ಡ ಎಕ್ಸ್, ದೊಡ್ಡ ಎಚ್ ಎಂಬ ಅಕ್ಷರಗಳನ್ನೂ, ನ್ಯೂಮರಿಕ್ ಐಡಿಸ್ ಎಂಬ ಉದ್ದನೆಯ ಆಯ್ಕೆಯನ್ನೂ ಕೊಡಬೇಕು. ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ದೊಡ್ಡ ಎಕ್ಸ್ ಬಿಟ್ಟರೆ ಕಡತಗಳಿಗೆ ಅಂಟಿಕೊಂಡಿರುವ ವಿಶೇಷ ಅನುಮತಿಗಳು ಕಳೆದುಹೋಗುತ್ತವೆ. ದೊಡ್ಡ ಎಚ್ ಬಿಟ್ಟರೆ ಒಂದೇ ಕಡತಕ್ಕಿರುವ ಎರಡು ಹೆಸರುಗಳು ಎರಡು ಕಡತಗಳಾಗಿ ಜಾಗ ತಿನ್ನುತ್ತವೆ. ಕೊನೆಯದನ್ನು ಬಿಟ್ಟರೆ ಲೈವ್ ವ್ಯವಸ್ಥೆಯ ಬಳಕೆದಾರರ ಹೆಸರುಗಳೊಡನೆ ಗೊಂದಲವಾಗಿ ಕಡತಗಳ ಒಡೆತನ ಬದಲಾಗಬಹುದು. ಹಳೆಯ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಇರಲೇಬೇಕು. ಇಲ್ಲವಾದರೆ ಹೊಸ ಡಿಸ್ಕಿನೊಳಗೆ ಆ ಹೆಸರಿನದೇ ಒಂದು ಫೋಲ್ಡರ್ ಹುಟ್ಟಿ, ಎಲ್ಲವೂ ಅದರೊಳಗೆ ಹೋಗಿ ಕೂರುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳ ಬಗ್ಗೆ ಅನೇಕರು ಕೇಳುತ್ತಾರೆ. ಎಕ್ಸ್ಟ್4ರಿಂದ ಎಕ್ಸ್ಟ್4ಕ್ಕೆ ನೇರವಾಗಿ ನಕಲಿಸಿದರೆ ಹೆಸರಿನ ಬೈಟುಗಳು ಹಾಗೆಯೇ ಹೋಗುವುದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ನಡುವೆ ಫ್ಯಾಟ್32ರ ಪೆನ್ ಡ್ರೈವಿನಲ್ಲಿ ಇಡೀ ವ್ಯವಸ್ಥೆಯನ್ನು ಇಟ್ಟು ಮತ್ತೆ ಎತ್ತಿಕೊಳ್ಳಲು ಹೊರಟಾಗ. ಅಲ್ಲಿ ಒಡೆತನ, ಅನುಮತಿ, ಕೊಂಡಿಗಳು ಒಂದೂ ಉಳಿಯುವುದಿಲ್ಲ, 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದೂ ಇಲ್ಲ.

ನಕಲು ಮುಗಿದ ಮೇಲೆ ಅದೇ ಆದೇಶಕ್ಕೆ ಸಣ್ಣ ಸಿ, ಸಣ್ಣ ಎನ್ ಮತ್ತು ಸಣ್ಣ ವಿ ಸೇರಿಸಿ ಇನ್ನೊಮ್ಮೆ ನಡೆಸಿದರೆ, ಎರಡೂ ಕಡೆಯ ಕಡತಗಳ ಒಳಗನ್ನು ಹೋಲಿಸಿ ವ್ಯತ್ಯಾಸವಿರುವವನ್ನು ಹೆಸರಿಸುತ್ತದೆ, ಏನನ್ನೂ ಬರೆಯುವುದಿಲ್ಲ. ಇದಕ್ಕೆ ನಕಲಿನಷ್ಟೇ ಸಮಯ ಬೇಕು. ಲೆಕ್ಕದ ಪುಸ್ತಕಗಳಿರುವ ಡಿಸ್ಕಿಗೆ ಆ ಸಮಯವನ್ನು ಕೊಡಲೇಬೇಕೆಂಬುದು ನನ್ನ ಅಭಿಪ್ರಾಯ.

ಗುರುತುಗಳನ್ನು ತಿದ್ದುವುದು

ಮೊದಲು ಹೊಸ ಡಿಸ್ಕಿನ ಎಫ್‌ಎಸ್‌ಟ್ಯಾಬ್ ಕಡತವನ್ನು ತೆರೆದು, ಹಳೆಯ ಪ್ರತಿ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿ, ಅದರ ಕೆಳಗೆ ಹೊಸ ಗುರುತಿನ ಸಾಲನ್ನು ಬರೆಯಬೇಕು. ಗುರುತನ್ನು ಕೈಯಿಂದ ಟೈಪ್ ಮಾಡಬಾರದು. ಎಕ್ಸ್ಟ್4ರ ಗುರುತಿನಲ್ಲಿ 32 ಅಂಕಿ, ಅಕ್ಷರಗಳಿರುತ್ತವೆ, ಮತ್ತು ಆ ಅಕ್ಷರಗಳು ಎ ಇಂದ ಎಫ್‌ವರೆಗೆ ಮಾತ್ರ ಇರುವುದರಿಂದ ಬಿ ಮತ್ತು ಡಿ ಮತ್ತೆ ಮತ್ತೆ ಬರುತ್ತವೆ. ಮಾವನ ಮನೆಯಲ್ಲಿ ಎರಡು ದಿನ ಹೋದದ್ದು ಇಲ್ಲಿಯೇ: ಫೋನಿನಲ್ಲಿ ಓದಿ ಹೇಳುವಾಗ ಹೋಮ್ ಪಾರ್ಟಿಷನ್ನಿನ ಗುರುತಿನಲ್ಲಿದ್ದ ಒಂದು ಬಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಡಿ ಆಯಿತು. ಪರದೆಯ ಮೇಲೆ ಎರಡೂ ಸಾಲುಗಳು ಒಂದೇ ಥರ ಕಾಣುತ್ತಿದ್ದುದರಿಂದ ಹುಡುಗ ಎಷ್ಟು ಸಲ ಓದಿದರೂ ಸರಿಯಿದೆ ಎಂದೇ ಹೇಳುತ್ತಿದ್ದ. ಬಿಎಲ್‌ಕೆಐಡಿ ಆದೇಶದ ಫಲಿತಾಂಶವನ್ನು ಎರಡು ಬಾಣದ ಚಿಹ್ನೆಯ ಮೂಲಕ ಎಫ್‌ಎಸ್‌ಟ್ಯಾಬ್ ಕಡತದ ಕೊನೆಗೇ ಸೇರಿಸಿ, ಅಲ್ಲಿಂದ ಸಾಲನ್ನು ರೂಪಿಸಿಕೊಂಡರೆ ಟೈಪ್ ಮಾಡುವ ಪ್ರಮೇಯವೇ ಬರುವುದಿಲ್ಲ. ಬಾಣ ಒಂದೇ ಆದರೆ ಕಡತವೇ ಅಳಿಸಿಹೋಗುತ್ತದೆ; ಅದಕ್ಕೆ ಮೊದಲೇ ಒಂದು ಪ್ರತಿ ತೆಗೆದಿಡಬೇಕು.

ಬೂಟ್‌ಗೆ ಅಗತ್ಯವಿಲ್ಲದ ಡಿಸ್ಕುಗಳ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿದರೆ ಅವು ಸಿಗದಿದ್ದರೂ ಯಂತ್ರ ಏಳುತ್ತದೆ. ಸ್ವಾಪ್ ಪಾರ್ಟಿಷನ್ ಇದ್ದರೆ ಹೊಸ ಡಿಸ್ಕಿನಲ್ಲಿ ಎಂಕೆಸ್ವಾಪ್ ನಡೆಸಿ, ಅದರ ಗುರುತನ್ನು ಎಫ್‌ಎಸ್‌ಟ್ಯಾಬ್‌ನಲ್ಲಿಯೂ, ಇಟಿಸಿಯ ಇನಿಟ್‌ರ್ಯಾಮ್‌ಎಫ್‌ಎಸ್ ಟೂಲ್ಸ್ ಫೋಲ್ಡರಿನ ಕಾನ್ಫ್ ಡಾಟ್ ಡಿ ಎಂಬಲ್ಲಿರುವ ರೆಸ್ಯೂಮ್ ಎಂಬ ಕಡತದಲ್ಲಿಯೂ ಬದಲಾಯಿಸಬೇಕು. ಎರಡನೆಯದನ್ನು ಮರೆತರೆ ಯಂತ್ರ ಬೂಟ್ ಆಗುತ್ತದೆ, ಆದರೆ ಪ್ರತಿ ಸಲವೂ ಇಲ್ಲದ ಪಾರ್ಟಿಷನ್ನಿಗಾಗಿ ಅರ್ಧ ನಿಮಿಷ ಕಾಯುತ್ತದೆ. ಡಿಸ್ಕನ್ನು ಗೂಢಲಿಪೀಕರಿಸಿದವರು ಕ್ರಿಪ್ಟ್‌ಟ್ಯಾಬ್ ಕಡತವನ್ನೂ ತಿದ್ದಬೇಕು.

ಇನ್ನು ಉಳಿದ ಕಡೆಗಳನ್ನು ಹೊಸ ವ್ಯವಸ್ಥೆಯ ಒಳಗೆ ಹೊಕ್ಕು, ಅದರದೇ ಸಾಧನಗಳಿಂದ ತಿದ್ದಿಸಬೇಕು. ಇದಕ್ಕೆ ಹೊಸ ಇಎಫ್‌ಐ ಪಾರ್ಟಿಷನ್ನನ್ನು ಹೊಸ ಡಿಸ್ಕಿನ ಬೂಟ್ ಫೋಲ್ಡರಿನ ಇಎಫ್‌ಐ ಎಂಬಲ್ಲಿಗೆ ಜೋಡಿಸಿ, ಲೈವ್ ವ್ಯವಸ್ಥೆಯ ಡೆವ್, ಪ್ರಾಕ್, ಸಿಸ್, ರನ್ ಎಂಬ ನಾಲ್ಕು ಫೋಲ್ಡರುಗಳನ್ನು ಮೌಂಟ್ ಆದೇಶದ ಆರ್‌ಬೈಂಡ್ ಆಯ್ಕೆಯೊಡನೆ ಹೊಸ ಡಿಸ್ಕಿನ ಅದೇ ಹೆಸರಿನ ಫೋಲ್ಡರುಗಳಿಗೆ ಜೋಡಿಸಿ, ಸಿಎಚ್‌ರೂಟ್ ಆದೇಶದಿಂದ ಒಳಹೋಗಬೇಕು. ಬರಿಯ ಬೈಂಡ್ ಬಳಸಿದರೆ ಸಿಸ್ ಒಳಗಿನ ಇಎಫ್‌ಐ ಚರಗಳ ಜಾಗ ಕಾಣಿಸದೆ ಮದರ್‌ಬೋರ್ಡಿಗೆ ಬರೆಯುವುದು ಸೋಲುತ್ತದೆ. ಒಳಹೋದ ಮೇಲೆ ಮೂರು ಆದೇಶಗಳು, ಇದೇ ಕ್ರಮದಲ್ಲಿ: ಅಪ್‌ಡೇಟ್ ಇನಿಟ್‌ರ್ಯಾಮ್‌ಎಫ್‌ಎಸ್ ಅನ್ನು ಎಲ್ಲ ಕರ್ನಲ್ಲುಗಳಿಗೂ ನಡೆಸುವುದು, ಗ್ರಬ್ ಇನ್‌ಸ್ಟಾಲ್, ಅಪ್‌ಡೇಟ್ ಗ್ರಬ್. ಬಯಾಸ್ ಯಂತ್ರದಲ್ಲಿ ಗ್ರಬ್ ಇನ್‌ಸ್ಟಾಲ್‌ಗೆ ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು, ಪಾರ್ಟಿಷನ್ನಿನ ಸಂಖ್ಯೆಯನ್ನು ಸೇರಿಸಬಾರದು. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಅದು ಮೆನುವಿನಿಂದ ಕಾಣೆಯಾದರೆ ಗಾಬರಿ ಬೇಡ: ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಒಎಸ್ ಪ್ರೋಬರ್ ತಾನಾಗಿ ಓಡುವುದಿಲ್ಲ, ಇಟಿಸಿಯ ಡಿಫಾಲ್ಟ್ ಫೋಲ್ಡರಿನ ಗ್ರಬ್ ಕಡತದಲ್ಲಿ ಅದನ್ನು ತೆರೆದು ಮತ್ತೊಮ್ಮೆ ಅಪ್‌ಡೇಟ್ ಗ್ರಬ್ ನಡೆಸಬೇಕು. ಇದು ಡೆಬಿಯನ್, ಉಬುಂಟು, ಮಿಂಟ್‌ಗಳ ಕ್ರಮ. ಫೆಡೋರಾದಲ್ಲಿ ಆರಂಭಿಕ ಕಟ್ಟನ್ನು ಡ್ರಾಕಟ್ ಮಾಡುತ್ತದೆ, ಯುಇಎಫ್‌ಐ ಯಂತ್ರದಲ್ಲಿ ಗ್ರಬ್ ಮತ್ತು ಶಿಮ್ ಪ್ಯಾಕೇಜುಗಳನ್ನೇ ಮರುಸ್ಥಾಪಿಸಬೇಕು.

ಮೊದಲ ಬೂಟ್‌ಗೆ ಮುನ್ನ ಹಳೆಯ ಡಿಸ್ಕನ್ನು ಬಿಚ್ಚಬೇಕು. ಅದು ಒಳಗಿರುವವರೆಗೆ, ಹೊಸ ಡಿಸ್ಕು ತನ್ನ ಕಾಲ ಮೇಲೆ ನಿಂತಿದೆಯೇ ಎಂಬುದು ತಿಳಿಯುವುದಿಲ್ಲ.

ಎಲ್ಲಿ ನಿಂತಿತು ಎಂಬುದನ್ನು ಓದುವುದು

ಬೂಟ್ ಮಾಡಲು ಯಾವ ಡಿಸ್ಕೂ ಇಲ್ಲ ಎಂದು ಯಂತ್ರ ಹೇಳಿದರೆ ಅಥವಾ ನೇರವಾಗಿ ಬಯಾಸ್ ಪರದೆಗೆ ಹೋಗಿ ಕೂತರೆ, ತಪ್ಪು ಮೊದಲನೆಯ ಜಾಗದಲ್ಲಿದೆ. ಲೈವ್ ಪೆನ್ ಡ್ರೈವಿನಿಂದ ಎದ್ದು ಇಎಫ್‌ಐ ಬೂಟ್ ಮ್ಯಾನೇಜರ್ ಆದೇಶ ನಡೆಸಿದರೆ ಮದರ್‌ಬೋರ್ಡಿನ ದಾಖಲೆಗಳೂ ಅವುಗಳ ಸರದಿಯೂ ಕಾಣುತ್ತವೆ. ಕೆಲವು ಯಂತ್ರಗಳ ಫರ್ಮ್‌ವೇರ್ ಹೊಸ ದಾಖಲೆಯನ್ನು ಉಳಿಸಿಕೊಳ್ಳುವುದೇ ಇಲ್ಲ. ಅಂಥವು ಇಎಫ್‌ಐ ಫೋಲ್ಡರಿನ ಬೂಟ್ ಎಂಬಲ್ಲಿರುವ ಬೂಟ್‌ಎಕ್ಸ್64 ಎಂಬ ಕಡತವನ್ನಷ್ಟೇ ಹುಡುಕುತ್ತವೆ. ಸಿಎಚ್‌ರೂಟ್ ಒಳಗೆ ಗ್ರಬ್ ಇನ್‌ಸ್ಟಾಲ್‌ಗೆ ರಿಮೂವಬಲ್ ಎಂಬ ಆಯ್ಕೆ ಕೊಟ್ಟು ಮತ್ತೊಮ್ಮೆ ನಡೆಸಿದರೆ ಆ ಕಡತ ಹುಟ್ಟುತ್ತದೆ. ಎನ್‌ವಿಎಂಇ ಡಿಸ್ಕು (ಸಾಟಾ ಕೇಬಲ್ ಇಲ್ಲದೆ ನೇರವಾಗಿ ಮದರ್‌ಬೋರ್ಡಿಗೆ ಕೂರುವ ಎಸ್‌ಎಸ್‌ಡಿ) ಲಿನಕ್ಸ್‌ಗೆ ಕಾಣಿಸುತ್ತಲೇ ಇಲ್ಲವಾದರೆ ಬಯಾಸ್‌ನಲ್ಲಿ ಸಂಗ್ರಹದ ಕ್ರಮ ಇಂಟೆಲ್‌ನ ರೇಡ್ ಅಥವಾ ಆರ್‌ಎಸ್‌ಟಿಯಲ್ಲಿದೆಯೇ ನೋಡಿ, ಎಎಚ್‌ಸಿಐಗೆ ಬದಲಾಯಿಸಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಈ ಬದಲಾವಣೆಗೆ ಅದನ್ನು ಮೊದಲು ಸಿದ್ಧಪಡಿಸದೆ ಕೈಹಾಕಬಾರದು, ಅದು ಬೂಟ್ ಆಗದೆ ನಿಲ್ಲಬಹುದು.

ಪರದೆಯ ಮೇಲೆ ಗ್ರಬ್ ಎಂಬ ಪದ ಮತ್ತು ಬಾಣದ ಚಿಹ್ನೆ ಮಾತ್ರ ಕಾಣಿಸಿದರೆ, ಇಎಫ್‌ಐ ಪಾರ್ಟಿಷನ್ನಿನ ಪುಟ್ಟ ಕಡತದಲ್ಲಿ ಹಳೆಯ ಗುರುತು ಉಳಿದಿದೆ. ಗ್ರಬ್ ರೆಸ್ಕ್ಯೂ ಎಂದು ಬಂದರೆ ಗ್ರಬ್‌ಗೆ ತನ್ನ ಮಾಡ್ಯೂಲುಗಳೇ ಸಿಕ್ಕಿಲ್ಲ. ಇದು ಬಯಾಸ್ ಯಂತ್ರಗಳಲ್ಲಿ ಹೆಚ್ಚು. ಎರಡರಲ್ಲೂ ಎಲ್‌ಎಸ್ ಎಂದು ಬರೆದರೆ ಎಚ್‌ಡಿ0, ಜಿಪಿಟಿ2 ಎಂಬಂಥ ಹೆಸರುಗಳ ಪಟ್ಟಿ ಬರುತ್ತದೆ. ಒಂದೊಂದರ ಮುಂದೆಯೂ ಓರೆಗೆರೆ ಹಾಕಿ ಎಲ್‌ಎಸ್ ಮಾಡುತ್ತಾ ಹೋದರೆ, ಇಟಿಸಿ, ಹೋಮ್, ಬೂಟ್ ಫೋಲ್ಡರುಗಳಿರುವ ಪಾರ್ಟಿಷನ್ ಸಿಗುತ್ತದೆ. ಅದನ್ನು ಸೆಟ್ ಆದೇಶದಿಂದ ರೂಟ್ ಎಂದೂ, ಅದರ ಬೂಟ್ ಒಳಗಿನ ಗ್ರಬ್ ಫೋಲ್ಡರನ್ನು ಪ್ರಿಫಿಕ್ಸ್ ಎಂದೂ ಹೇಳಿ, ಇನ್ಸ್‌ಮಾಡ್ ನಾರ್ಮಲ್, ಆಮೇಲೆ ನಾರ್ಮಲ್ ಎಂದರೆ ಮೆನು ತೆರೆದುಕೊಳ್ಳುತ್ತದೆ. ಎಲ್ಲ ಪಾರ್ಟಿಷನ್ನುಗಳಿಗೂ ಅಪರಿಚಿತ ಫೈಲ್ ಸಿಸ್ಟಮ್ ಎಂದು ಉತ್ತರ ಬಂದರೆ, ಮೇಲೆ ಹೇಳಿದ ಎಕ್ಸ್ಟ್4ರ ಹೊಸ ಗುಣವನ್ನು ಸಂಶಯಿಸಬೇಕು.

ಮೆನು ಬಂದು, ಕರ್ನಲ್ಲು ಓಡಿ, ಸ್ವಲ್ಪ ಹೊತ್ತಿನ ನಂತರ ಇಂಥ ಗುರುತಿನ ಡಿಸ್ಕು ಇಲ್ಲವೆಂದು ಹೇಳಿ ಆವರಣದೊಳಗೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂದು ಬರೆದು ನಿಂತರೆ, ತಪ್ಪು ಮೂರನೆಯ ಅಥವಾ ನಾಲ್ಕನೆಯ ಜಾಗದಲ್ಲಿದೆ. ಅಲ್ಲೇ ಬಿಎಲ್‌ಕೆಐಡಿ ಎಂದು ಬರೆಯಬಹುದು. ಹೊಸ ಡಿಸ್ಕಿನ ಪಾರ್ಟಿಷನ್ನುಗಳು ಪಟ್ಟಿಯಲ್ಲಿ ಕಂಡರೆ ಗ್ರಬ್ ಕೊಟ್ಟ ಗುರುತು ಹಳೆಯದು ಎಂದರ್ಥ: ಯಂತ್ರವನ್ನು ಮತ್ತೆ ಎಬ್ಬಿಸಿ, ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನಲ್ಲಿ ರೂಟ್‌ನ ಮುಂದಿರುವ ಯುಯುಐಡಿಯನ್ನು ಅಳಿಸಿ ಪಾರ್ಟಿಷನ್ನಿನ ಹೆಸರನ್ನು ನೇರವಾಗಿ ಬರೆದು, ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಬೂಟ್ ಆಗುತ್ತದೆ. ಒಳಗೆ ಹೋದ ಮೇಲೆ ಅಪ್‌ಡೇಟ್ ಗ್ರಬ್ ನಡೆಸಿದರೆ ಶಾಶ್ವತವಾಗಿ ಸರಿಯಾಗುತ್ತದೆ. ಡಿಸ್ಕೇ ಕಾಣದಿದ್ದರೆ ಆರಂಭಿಕ ಕಟ್ಟಿನಲ್ಲಿ ಅದರ ಚಾಲಕ ಇಲ್ಲ. ಸಾಟಾದಿಂದ ಎನ್‌ವಿಎಂಇಗೆ ಹೋದವರಿಗೆ ಇದು ಎದುರಾಗಬಹುದು. ಡೆಬಿಯನ್ನಿನಲ್ಲಿ ಸಾಮಾನ್ಯವಾಗಿ ಬಹುತೇಕ ಚಾಲಕಗಳು ಸೇರಿರುತ್ತವೆ. ಫೆಡೋರಾದಲ್ಲಿ ಆ ಯಂತ್ರಕ್ಕೆ ಬೇಕಾದವು ಮಾತ್ರ ಇರುವುದರಿಂದ, ಮೆನುವಿನಲ್ಲಿ ರೆಸ್ಕ್ಯೂ ಎಂಬ ಸಾಲನ್ನು ಆರಿಸಿ ಎದ್ದು, ಕಟ್ಟನ್ನು ಮತ್ತೆ ರಚಿಸಬೇಕು.

90 ಸೆಕೆಂಡು ಕಾದು, ತುರ್ತು ಸ್ಥಿತಿಗೆ ಬಂದಿದ್ದೇನೆ ಎಂದು ಹೇಳಿ ರೂಟ್ ಪಾಸ್‌ವರ್ಡ್ ಕೇಳಿದರೆ ಐದನೆಯ ಜಾಗ, ಎಫ್‌ಎಸ್‌ಟ್ಯಾಬ್. ಮಾವನ ಮನೆಯಲ್ಲಿ ಕಂಡದ್ದು ಇದೇ. ಹುಡುಗ ಮೊದಲ ದಿನ ನನಗೆ ಹೇಳಿದ್ದು ಬೂಟ್ ಆಗುತ್ತಿಲ್ಲ ಎಂದಷ್ಟೇ, ನಾನೂ ಗ್ರಬ್‌ನ ಸುತ್ತಲೇ ಹುಡುಕುತ್ತಿದ್ದೆ. ಎರಡನೆಯ ದಿನ ಪರದೆಯ ಫೋಟೊ ತೆಗೆದು ಕಳಿಸು ಎಂದು ಕೇಳಿ, ಗುಡ್ಡದ ಮೇಲೆ ಸಿಗ್ನಲ್ ಸಿಗುವ ಕಡೆ ಹೋಗಿ ಅವನು ಕಳಿಸಿದಾಗ, ತೊಂಬತ್ತು ಸೆಕೆಂಡಿನ ಎಣಿಕೆಯೂ ಅದರ ಪಕ್ಕದಲ್ಲಿ ತಪ್ಪು ಅಕ್ಷರವಿದ್ದ ಗುರುತೂ ಕಂಡವು. ದೂರದಿಂದ ಸಹಾಯ ಮಾಡುವವರು ಮೊದಲು ಕೇಳಬೇಕಾದದ್ದು ಪರದೆಯ ಫೋಟೊವನ್ನು. ರೂಟ್ ಖಾತೆಗೆ ಬೀಗ ಹಾಕಿರುವ ಕೆಲವು ವ್ಯವಸ್ಥೆಗಳಲ್ಲಿ ತುರ್ತು ಸ್ಥಿತಿಯೂ ಒಳಗೆ ಬಿಡುವುದಿಲ್ಲ. ಆಗ ಲೈವ್ ಪೆನ್ ಡ್ರೈವಿನಿಂದ ಎದ್ದು ಕಡತವನ್ನು ತಿದ್ದಬೇಕು.

ಎಲ್ಲವೂ ಸರಿಯಾದ ಮೇಲೆ ಎಫ್‌ಎಸ್‌ಟ್ರಿಮ್ ಟೈಮರ್ ಓಡುತ್ತಿದೆಯೇ ಎಂದು ಸಿಸ್ಟಮ್‌ಸಿಟಿಎಲ್‌ನಿಂದ ನೋಡಿಕೊಳ್ಳಬೇಕು, ಎಸ್‌ಎಸ್‌ಡಿಗೆ ವಾರಕ್ಕೊಮ್ಮೆ ಅದು ಬೇಕು. ಹಳೆಯ ಡಿಸ್ಕಿನ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಅಡುಗೆ ಒಲೆಯ ಹೊಗೆಯೂ ಹಂಚಿನ ಸೋರಿಕೆಯೂ ತಗುಲದ ಕಡೆ ಇರಿಸಬೇಕು. ಹೊಸ ಡಿಸ್ಕಿನಲ್ಲಿ ಕನಿಷ್ಠ ಒಂದು ತಿಂಗಳು, ಒಂದು ಕರ್ನಲ್ ಅಪ್‌ಡೇಟ್ ಆಗಿ ಅದರ ನಂತರವೂ ಯಂತ್ರ ತಾನಾಗಿ ಎದ್ದದ್ದನ್ನು ನೋಡುವವರೆಗೆ, ಹಳೆಯದನ್ನು ಅಳಿಸಬಾರದು. ಆಮೇಲೂ 197ನೆಯ ಸಾಲು ಸೊನ್ನೆಯಾಗಿದ್ದರೆ ಮಾತ್ರ ಅದನ್ನು ಬ್ಯಾಕಪ್ ಡಿಸ್ಕಾಗಿ ಬಳಸಬಹುದು, ಬಳಸುವ ಮುನ್ನ ವೈಪ್‌ಎಫ್‌ಎಸ್ ಆದೇಶದಿಂದ ಅದರ ಹಳೆಯ ಗುರುತುಗಳನ್ನೆಲ್ಲ ತೆಗೆದುಹಾಕಬೇಕು. ಮಾವನವರ ಡಿಸ್ಕಿನಲ್ಲಿ ಆ ಸಾಲು 8 ತೋರಿಸುತ್ತಿತ್ತು. ಅದು ಈಗಲೂ ಡಬ್ಬಿಯಲ್ಲೇ ಇದೆ.